ಬಲಬದಿಯ ಬಾಕ್ಸ್

ಗಂಗೊಳ್ಳಿಯ ಬಂದರಿನಲ್ಲಿ ಬೋಟುಗಳನ್ನು ಕಟ್ಟಿಹಾಕಿ ಒಂದೂವರೆ ತಿಂಗಳಾಗಿತ್ತು. ಮಳೆಗಾಲದ ಎರಡು ತಿಂಗಳು ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ. ಬಲೆ ಹೊಲಿಯುವವರು ಬಲೆ ಹೊಲಿಯುತ್ತಿದ್ದರು, ಇಸ್ಪೀಟು ಆಡುವವರು ಇಸ್ಪೀಟು ಆಡುತ್ತಿದ್ದರು. ಬೋಟಿನ ಡ್ರೈವರ್ ಬಚ್ಚ ಮಾತ್ರ ಮನೆಯ ಚಾವಡಿಯಲ್ಲಿ ವಯರುಗಳ ನಡುವೆ ಕೂತಿದ್ದ.

ಅವನ ಹಾಡಿನ ಸೆಟ್ಟು ಮೂರು ಊರಿನ ನೆಂಟರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದ ಹಾಗಿತ್ತು. ಆಂಪ್ಲಿಫೈಯರ್ ಅಣ್ಣ ಕುಷ್ಟ ಮುಂಬಯಿಯ ಹೋಟೆಲು ಬಿಟ್ಟು ಬರುವಾಗ ಹೊತ್ತು ತಂದದ್ದು. ಅದರ ಬೆನ್ನಿಗೆ ಐದು ತೂತಿನ ದುಂಡು ಕಿಂಡಿ. ಡಿವಿಡಿ ಪ್ಲೇಯರ್ ಮಗಳ ಮನೆಯಲ್ಲಿ ಬೇಡವಾದದ್ದು; ಅದಕ್ಕೆ ಕೆಂಪು ಒಂದು, ಬಿಳಿ ಒಂದು ಕಿಂಡಿ. ಎರಡು ಸ್ಪೀಕರ್ ಬಾಕ್ಸುಗಳು ಭಜನಾ ಮಂಡಳಿಯವರು ಹೊಸತು ತಂದಾಗ ಕೊಟ್ಟ ಹಳೆಯವು. ಇವಕ್ಕೆಲ್ಲ ಒಂದಕ್ಕೊಂದು ಮಾತು ಬರುವಂತೆ ಮಾಡಬೇಕಾದದ್ದು ವಯರು.

ಮೊದಲು ತಂದದ್ದರ ತುದಿಯಲ್ಲಿ ಮೊಬೈಲಿಗೆ ಚುಚ್ಚುವ ಸಣ್ಣ ಪಿನ್ನು, ಕೂರಲಿಲ್ಲ. ಉಡುಪಿಗೆ ಹೋದವನು ಹೆಬ್ಬೆರಳು ದಪ್ಪದ್ದು, ತುದಿಗೆ ಚಿನ್ನದ ಬಣ್ಣದ್ದು ತಂದ. "ಹಗ್ಗ ದಪ್ಪ ಇದ್ರೆ ಅಲ್ದಾ ಬೋಟ್ ನಿಲ್ಲುದ್" ಎಂದು ಅವನ ಲೆಕ್ಕ. ಅದಕ್ಕೆ ಎರಡೂ ತುದಿ ಕೆಂಪು-ಬಿಳಿ, ದುಂಡು ಕಿಂಡಿಗೆ ಏನು ಮಾಡುವುದು? ಮೂರನೆಯದಕ್ಕೆ ಒಂದು ತುದಿ ಐದು ಪಿನ್ನಿನದ್ದು, ಇನ್ನೊಂದು ಕೆಂಪು-ಬಿಳಿ. ಅದು ಕೂತಿತು, ಹಾಡಿತು. ಬಚ್ಚ ಆರಾಮಕುರ್ಚಿಯನ್ನು ಎರಡು ಬಾಕ್ಸುಗಳ ನಡುವೆ ಎಳೆದು, ಒಂದೊಂದು ಕಿವಿಗೆ ಒಂದೊಂದು ಬಾಕ್ಸು ಬರುವ ಹಾಗೆ ಕೂತು, ಎಡಕ್ಕೆ ಭಾಗವತರ ಹಾಡು, ಬಲಕ್ಕೆ ಚಂಡೆ ಬರುವ ಯಕ್ಷಗಾನದ ಡಿಸ್ಕು ಹಾಕಿದ.

"ಬಲಬದಿ ಬಾಕ್ಸ್ ಸತ್ತಿತ್ತ್ ಮಾರಾಯ್ತಿ. ಭಾಗವತ್ರ್ ಕೇಂತ್ರ್, ಚಂಡೆ ಎಲ್ಲೋ ಗ್ವಾಡಿ ಆಚಿಂದ ಬಂದಂಗ್ ಇತ್ತ್."

ಹೆಂಡತಿ ವನಜ ಒಳಗೆ ಒಣಮೀನು ಜಾಲಿಸುತ್ತಿದ್ದಳು. ಅವಳಿಗೆ ಅಡುಗೆಮನೆಯವರೆಗೂ ಚಂಡೆ ಕೇಳುತ್ತಿತ್ತು.

ತಿಂಗಳಿನಿಂದ ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ಮೇ ತಿಂಗಳ ಕೊನೆಯಲ್ಲಿ ಬೋಟಿನ ಮೇಲೆ ಬಲೆ ಎಳೆಯುವಾಗ ಬಚ್ಚನ ತಂಗಿಯ ಮಗ ಭೋಜನ ಕಾಲಿಗೆ ಹಗ್ಗ ಸುತ್ತಿಕೊಂಡಿತ್ತು. "ನಿಲ್ಸಿ ಮಾಮ" ಎಂದು ಭೋಜ ಮೂರು ಸಲ ಕೂಗಿದ. ಬಚ್ಚ ಹಗ್ಗ ಎಳೆಯುವ ವಿಂಚು ನಿಲ್ಲಿಸಲಿಲ್ಲ. ಬೇರೊಬ್ಬ ಓಡಿಬಂದು ಅವನ ಭುಜಕ್ಕೆ ಹೊಡೆದ ಮೇಲೆ ನಿಲ್ಲಿಸಿದ. ಭೋಜನ ಕಾಲು ಉಳಿಯಿತು, ಒಂದು ಬೆರಳು ಹೋಯಿತು. "ಗಂಡ್ಸ್ ಆಯಿ ಹುಟ್ಟಿ ಬಾಯ್ ಬಿಟ್ ಕೂಗುಕ್ ಎಂತ ರೋಗ" ಎಂದು ಬಚ್ಚ ಆಸ್ಪತ್ರೆಯಲ್ಲೇ ಅವನಿಗೆ ಬೈದಿದ್ದ. ಆ ಹುಡುಗ ಅತ್ತೆ ವನಜಳ ಹತ್ತಿರ ಮಾತ್ರ ಹೇಳಿದ್ದ, "ನಾ ಕೂಗಿದ್ ದಡಕ್ ಕೇಂಬಷ್ಟ್ ಇದ್ದಿತ್ತ್ ಅತ್ತೆ."

ಅಂದಿನಿಂದ ವನಜ ಕಿವಿಯ ಡಾಕ್ಟರಲ್ಲಿಗೆ ಹೋಗುವ ಎನ್ನುತ್ತಿದ್ದಳು. ಮೂವತ್ತು ವರ್ಷ ಎಂಜಿನ್ನಿನ ಮಗ್ಗುಲಲ್ಲಿ ನಿಂತವನ ಕಿವಿ ಅದು. ಬಚ್ಚ ಒಪ್ಪುತ್ತಿರಲಿಲ್ಲ. ಇನ್ನು ಹತ್ತು ದಿನಕ್ಕೆ ಆಗಸ್ಟ್ ಬರುತ್ತದೆ, ಬೋಟು ಹೊರಡುತ್ತದೆ, ಅದೇ ಬೋಟಿನಲ್ಲಿ ಭೋಜನೂ ಹೋಗುತ್ತಾನೆ. ವನಜಳಿಗೆ ರಾತ್ರಿಯ ನಿದ್ದೆ ಕಡಿಮೆಯಾಗಿತ್ತು.

"ಹ್ವಾಯ್, ಒಂದ್ ಮಾತ್" ಎಂದಳು ಆ ದಿನ, ಕೈ ಒರೆಸಿಕೊಳ್ಳುತ್ತ. "ಒಳ್ಳೆ ವಯರ್ ನಾ ತತ್ತೆ. ಅದ್ರಗೂ ಬಲಬದಿ ಕೇಣ್ದಿದ್ರೆ ಡಾಕ್ಟ್ರಲ್ಲಿಗ್ ಬತ್ರಿಯಾ?"

"ವಯರ್ ಸರಿ ಆಯ್ಲಿ, ಮತ್ ಕಾಂಬ."

"ಕಾಂಬ ಅಲ್ಲ. ಬತ್ತೆ ಅನ್ನಿ."

"ಬತ್ತೆ ಮಾರಾಯ್ತಿ, ಬತ್ತೆ!"

ಮರುದಿನ ಅವಳು ಆಂಪ್ಲಿಫೈಯರಿನ ಬೆನ್ನಿನ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡು, ಮೂರೂ ವಯರು ಚೀಲಕ್ಕೆ ಹಾಕಿ, ಕುಂದಾಪುರದ ಬಸ್ಸು ಹತ್ತಿದಳು. ಅಲ್ಲಿ ರೇಡಿಯೋ ರಿಪೇರಿಯ ರಾಜೀವ ಇನ್ನೂ ಅಂಗಡಿ ಮುಚ್ಚಿರಲಿಲ್ಲ. ಅವನು ದಪ್ಪ ವಯರನ್ನು ಎತ್ತಿ ನೋಡಿ ನಕ್ಕ.

"ಇದ್ರಗೆ ಎಂತ ಎಮ್ಮಿ ಕಟ್ಟುದಾ ವನಜಕ್ಕ?"

"ದಪ್ಪ ಇದ್ರೆ ಗಟ್ಟಿ ಅಂಬ್ರ್ ಅವ್ರ್."

"ಬಲೆ ನೂಲ್ ದಪ್ಪ ಆರೆ ಮೀನ್ ಜಾಸ್ತಿ ಬೀಳತ್ತಾ? ದಪ್ಪ ಅಲ್ಲ, ಸರಿ ಕಿಂಡಿಗೆ ಸರಿ ತುದಿ ಹೋಯ್ಕ್." ಫೋಟೋ ನೋಡಿ, ಐದು ತೂತುಗಳಲ್ಲಿ ಹಾಡು ಒಳಗೆ ಹೋಗುವವು ಎರಡು, ಹೊರಗೆ ಬರುವವು ಎರಡು, ಮಧ್ಯದ್ದು ಎರಡಕ್ಕೂ ಸೇರಿದ್ದು ಎಂದು ತೋರಿಸಿದ. ಐದು ಪಿನ್ನಿನ ವಯರನ್ನು ಬಿಚ್ಚಿ, ಒಂದೊಂದೇ ಎಳೆ ನೋಡಿ, ಸಡಿಲಾದ ಒಂದನ್ನು ಬೆಸುಗೆ ಹಾಕಿ ತನ್ನ ಸೆಟ್ಟಿಗೆ ಚುಚ್ಚಿದ. ಎರಡೂ ಬದಿ ಸ್ವಚ್ಛವಾಗಿ ಹಾಡಿತು. ವನಜ ಎರಡು ಬಾಕ್ಸಿಗೂ ಕಿವಿಯಿಟ್ಟು ಕೇಳಿದಳು.

"ಮನಿಯಗೆ ಮತ್ತೂ ಒಂದ್ ಬದಿ ಇಲ್ದಿರೆ?"

"ಅದ್ಲುಬದ್ಲು ಮಾಡಿ ಕಾಣಿ. ಕೆಂಪಿದ್ದ ಕಡಿ ಬಿಳಿ, ಬಿಳಿ ಇದ್ದ ಕಡಿ ಕೆಂಪ್. ಬಾಕ್ಸನ್ನೂ ಆಚಿಂದ್ ಈಚಿಗ್. ಒಂದೊಂದೇ ಬದ್ಲ್ ಮಾಡ್ಕ್. ಯಾವ್ದನ್ನ್ ತಿರ್ಗ್ಸ್ದಾಗ ತೊಂದ್ರೆ ಜಾಗ ಬದ್ಲ್ ಮಾಡತ್ತೋ, ತೊಂದ್ರೆ ಅದ್ರಗೇ ಇತ್ತ್."

ವನಜ ಬಸ್ಸಿನಲ್ಲಿ ಆ ಮಾತನ್ನು ಮಕ್ಕಳು ಪಾಠ ಒಪ್ಪಿಸಿದ ಹಾಗೆ ಎರಡು ಸಲ ಹೇಳಿಕೊಂಡಳು.

ಮನೆಯಲ್ಲಿ ಹೊಸ ಬೆಸುಗೆಯ ವಯರು ಚುಚ್ಚಿ ಬಚ್ಚ ಕುರ್ಚಿಯಲ್ಲಿ ಕೂತ. ಹಣೆ ಗಂಟಿಕ್ಕಿತು.

"ಚಂಡೆ ಮತ್ತೂ ಹಾಂಗೇ. ರಾಜೀವನಿಗ್ ಕಣ್ ಕಾಂತಿಲ್ಲೆ ಈಗ."

ವನಜ ಡಿವಿಡಿಯ ಹಿಂದೆ ಕೆಂಪು-ಬಿಳಿ ಅದಲುಬದಲು ಮಾಡಿದಳು. ಈಗ ಚಂಡೆ ಎಡಕ್ಕೆ, ಭಾಗವತರು ಬಲಕ್ಕೆ.

"ಹಾಂ, ಚಂಡೆ ಬಂತ್! ಭಾಗವತ್ರ್ ಹೋದ್ರ್."

"ಅಂದ್ರೆ ಡಿವಿಡಿ ಸರಿ ಇತ್ತ್."

"ಹಾಂಗಾರೆ ಬಾಕ್ಸ್ ಹಾಳ್. ಇಲ್ದಿರೆ ಕುಷ್ಟಣ್ಣನ ಆಂಪ್ಲಿ."

ಅವಳು ಬಾಕ್ಸುಗಳನ್ನು ವಯರು ಕೀಳದೆಯೇ ಎಳೆದು, ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಟ್ಟಳು. ಇಷ್ಟು ಹೊತ್ತು ಸತ್ತಿದ್ದ ಬಾಕ್ಸು ಬಚ್ಚನ ಎಡಕ್ಕೆ ಬಂದದ್ದೇ ಭಾಗವತರು ಎದೆ ತುಂಬಿ ಹಾಡಿದರು. ಇಷ್ಟು ಹೊತ್ತು ಬದುಕಿದ್ದದ್ದು ಬಲಕ್ಕೆ ಹೋಗಿ ಸತ್ತಿತು.

ಎಂಜಿನ್ ಬಿಚ್ಚಿ ಕೂಡಿಸುವವನಿಗೆ ಲೆಕ್ಕ ಹೇಳಿಕೊಡಬೇಕಾದ್ದಿಲ್ಲ. ಡಿವಿಡಿ ಸರಿ, ಆಂಪ್ಲಿ ಸರಿ, ಬಾಕ್ಸೂ ಸರಿ. ತಿರುಗಿಸದೆ ಉಳಿದದ್ದು ಒಂದೇ. ಬಚ್ಚ ಬಾಕ್ಸು ನೋಡಿದ, ಹೆಂಡತಿಯನ್ನು ನೋಡಿದ. ಎದ್ದು ಕುರ್ಚಿಯನ್ನು ತಾನೇ ಎತ್ತಿ ಬಾಗಿಲ ಕಡೆಗಿದ್ದ ಬೆನ್ನನ್ನು ಎದುರು ಗೋಡೆಯ ಕಡೆಗೆ ಮಾಡಿ ಇಟ್ಟು, ಎಡಗಿವಿಯ ಬಾಕ್ಸು ಬಲಗಿವಿಗೆ ಬರುವ ಹಾಗೆ ಕೂತ. ಹಾಡು ಮುಗಿಯುವವರೆಗೆ ಅಲ್ಲಾಡಲಿಲ್ಲ.

"ಈಗ ಆಚಿದ್ ಸತ್ತಿತ್ತ್" ಎಂದ.

ವನಜ ಚಾ ಮಾಡಲು ಒಳಗೆ ಹೋದಳು. ಒಲೆಯ ಮುಂದೆ ನಿಂತಿರುವಾಗ ಹಿಂದಿನಿಂದ ಅವನ ದನಿ ಬಂತು.

"ಆ ದಿನ ಭೋಜ ಯಾವ್ ಬದಿಯಗ್ ನಿಂತಿದ್ದ?"

"ನಿಮ್ ಬಲಕ್ಕ್."

ಬಚ್ಚ ಬಾಗಿಲ ದಾರಂದ ಹಿಡಿದು ನಿಂತ. ಆಮೇಲೆ ಮೊಬೈಲು ತೆಗೆದು ಎಡಗಿವಿಗೆ ಇಟ್ಟುಕೊಂಡ.

"ಭೋಜಾ, ನಾ ಮಾಮ. ಎಂತ ಇಲ್ಲೆ. ಕಾಲ್ ಹ್ಯಾಂಗ್ ಇತ್ತ್?... ನೀ ಕೂಗಿದ್ದೆ ಅಲ್ದಾ... ಹ್ಞೂಂ. ನಂಗ್ ಕೇಣ್ಲಿಲ್ಲೆ ಮಗ. ಬೈದದ್ ನಂದ್ ತಪ್ಪ್... ಡಾಕ್ಟ್ರ್ ಎಂತ ಹೇಳ್ತ್ರ್ ಕಾಂಬ. ಅವ್ರ್ ಹೂಂ ಅಂಬಲ್ಲಿವರಿಗೆ ವಿಂಚಿಗ್ ಬೇರೆಯವ್ರ್ ನಿಲ್ಲಲಿ. ಮಾಲಕ್ರಿಗೆ ನಾನೇ ಹೇಳ್ತೆ."

ಮರುದಿನ ಬೆಳಿಗ್ಗೆ ಕುಂದಾಪುರದ ಬಸ್ಸಿನಲ್ಲಿ ಎಡಬದಿಯ ಎರಡು ಜನರ ಸೀಟು ಖಾಲಿಯಿತ್ತು. ಬಚ್ಚ ಯಾವಾಗಲೂ ಗಾಳಿ ಬೇಕೆಂದು ಕಿಟಕಿಗೆ ಕೂರುವವನು. ಆ ದಿನ ಕಿಟಕಿಯನ್ನು ವನಜಳಿಗೆ ಬಿಟ್ಟು, ಅವಳು ತನ್ನ ಎಡಕ್ಕೆ ಬರುವ ಹಾಗೆ ಈಚೆ ಕೂತ.

"ಈಗ ಮಾತಾಡ್" ಎಂದ. "ಡಾಕ್ಟ್ರಲ್ಲಿ ಆದ್ಮೇಲೆ ರಾಜೀವನಲ್ಲಿಗೂ ಹೋಪ. ಎರಡೂ ಬದಿದ್ ಒಂದೇ ಬಾಕ್ಸಿಗೆ ಬಪ್ಪ ವಯರ್ ಇತ್ತಾ ಕೇಂಬ."

"ಇರತ್ತ್" ಎಂದಳು ವನಜ. "ದಪ್ಪದ್ ಮಾತ್ರ ಕೇಣ್ಬೇಡಿ."