ಜೋಡಿಸದ ಪಟ್ಟಿಗಳು

ಮಗಳು ಮನೆಗೆ ಬರುವ ಹೊತ್ತಿಗೆ ಪಾದರಸಮ್ಮ ಐದು ಪಟ್ಟಿಗಳನ್ನು ನಾಲ್ಕು ಕಡೆ ಅಡಗಿಸಿಟ್ಟಿದ್ದಳು. ಒಂದು ಹಿಟ್ಟಿನ ಡಬ್ಬದ ಹಿಂದೆ, ಒಂದು ಗಂಡನ ಚಳಿಗಾಲದ ಕೋಟಿನ ತೋಳಿನೊಳಗೆ, ಒಂದು ಹೊಲಿಗೆ ಮಿಷನ್ನಿನ ಕೆಳಗಿನ ಖಾನೆಯಲ್ಲಿ. ಉಳಿದೆರಡು ಮನೆಯ ಮುಂಭಾಗದ ಲಾಂಡ್ರಿ ಅಂಗಡಿಯಲ್ಲಿ, ಒಗೆಯಲು ಕೊಟ್ಟವರು ಮರೆತೇಬಿಟ್ಟ ಬಟ್ಟೆಗಳ ಕಪಾಟಿನಲ್ಲಿ, ನಂಬರು ಚೀಟಿ ಹಚ್ಚಿದ ಪ್ಲಾಸ್ಟಿಕ್ ಕವರಿನೊಳಗೆ. ಕಳ್ಳಮಾಲು ಬಚ್ಚಿಡುವವರೂ ಇಷ್ಟು ಬೆವರುವುದಿಲ್ಲ.

ಇವೇನು ಎಂದು ಯಾರಾದರೂ ಕೇಳಿದರೆ ಹೇಳಲು ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಪಟ್ಟಿಗಳು, ಅಷ್ಟೆ. ಉಲ್ಲನ್ ದಾರದಲ್ಲಿ ಕ್ರೋಶಾ ಕಡ್ಡಿಯಿಂದ ಹೆಣೆದ, ಅಂಗೈ ಅಗಲದ, ನಡುವೆ ಉಬ್ಬಿದ ಜಡೆಯೊಂದು ಉದ್ದಕ್ಕೂ ಏರಿಹೋಗುವ ಪಟ್ಟಿಗಳು. ಮಗುವಿಗೆ ಹೊದಿಕೆ ಹೆಣೆಯುವುದಿಲ್ಲ ಎಂದು ಅವಳು ಮಗಳಿಗೆ ಮಾತು ಕೊಟ್ಟಿದ್ದು ನಿಜ. ಆದರೆ ಜೋಡಿಸುವ ತನಕ ಪಟ್ಟಿ ಪಟ್ಟಿಯೇ, ಹೊದಿಕೆ ಹೇಗಾದೀತು? ಈ ವಾದವನ್ನು ಅವಳು ಗಂಡನ ಮುಂದಿಟ್ಟಾಗ ಅವನು ಇಸ್ತ್ರಿ ಪೆಟ್ಟಿಗೆಯಿಂದ ಕಣ್ಣೆತ್ತದೆ, "ನೀನು ವಕೀಲಳಾಗ್ಬೇಕಿತ್ತು ಕಣೇ, ಜಡ್ಜು ಓಡಿಹೋಗ್ತಿದ್ದ" ಅಂದಿದ್ದ.

ಪಾದರಸಮ್ಮ ಎಂಬ ಹೆಸರು ಕೊಟ್ಟವನೂ ಅವನೇ. ಈಗ ಗಿರಾಕಿಗಳೂ ಹಾಗೇ ಕರೆಯುತ್ತಾರೆ. ಅವಳು ಕೂತಲ್ಲಿ ಕೂತವಳಲ್ಲ, ನಿಂತಲ್ಲಿ ನಿಂತವಳಲ್ಲ. ಮಾತಾಡುತ್ತಿದ್ದರೆ ಎದುರಿಗಿದ್ದವರ ಅಂಗಿಯ ಸಡಿಲ ಗುಂಡಿಗೆ ಕೈ ಹೋಗುತ್ತದೆ. ಸರಿಯಿಲ್ಲ ಅನ್ನಿಸಿದ ಹೊಲಿಗೆಯನ್ನು ನೋಡಿಕೊಂಡು ಸುಮ್ಮನಿರುವುದಂತೂ ಅವಳ ಜಾಯಮಾನದಲ್ಲೇ ಇಲ್ಲ. ಕತ್ತರಿ ಎತ್ತು, ಬಿಚ್ಚು, ಮತ್ತೆ ಹಾಕು. ಕೈಗೆ ಕೆಲಸವಿಲ್ಲದಿದ್ದರೆ ತಲೆಗೆ ಕೆಲಸ ಸಿಕ್ಕಿಬಿಡುತ್ತದೆ. ಈಗೀಗ ಅವಳ ತಲೆಗೆ ಇರುವುದು ಒಂದೇ ಕೆಲಸ, ಮಗಳ ಹೊಟ್ಟೆಯಲ್ಲಿರುವ ಕೂಸು ಉಸಿರಾಡುತ್ತಾ ಹೊರಬರುತ್ತದೋ ಇಲ್ಲವೋ ಎಂದು ಯೋಚಿಸುವುದು.

ಮೊದಲನೆಯದು ಹಾಗೆ ಬರಲಿಲ್ಲ. ಎರಡು ವರ್ಷದ ಹಿಂದೆ, ಏಳನೇ ತಿಂಗಳಲ್ಲಿ, ಹೆಣ್ಣು. ಆಗಲೂ ಪಾದರಸಮ್ಮ ಇದೇ ಜಡೆಯ ಹೊದಿಕೆ ಹೆಣೆದಿದ್ದಳು, ಬೆಣ್ಣೆ ಬಣ್ಣದ್ದು, ತುಂಡು ತುಂಡಾಗಿ ಅಲ್ಲ, ಇಡಿಯಾಗಿ. ಅದು ಒಗೆದು ಮಡಿಸಿ ಈ ಮನೆಯಲ್ಲೇ ಇತ್ತು. ಬೆಳಗ್ಗೆ ಆಸ್ಪತ್ರೆಯಿಂದ ಸುದ್ದಿ ಬಂದಾಗ ಅವಳಿಗೆ ಕೈಕಾಲೇ ಆಡಲಿಲ್ಲ, ಆಮೇಲೆ ಕೈ ನಿಲ್ಲಲೇ ಇಲ್ಲ. ಮಗಳ ಕಣ್ಣಿಗೆ ಅದು ಬೀಳಬಾರದು ಎಂದು ಹೊದಿಕೆಯ ತುದಿ ಹುಡುಕಿ ಎಳೆದಳು. ಮಧ್ಯಾಹ್ನದೊಳಗೆ ಹೊದಿಕೆ ಹೋಗಿ ದಾರದ ಉಂಡೆಗಳಾಗಿತ್ತು. ಆ ಉಂಡೆಗಳನ್ನೂ ಯಾರಿಗೋ ಕೊಟ್ಟುಬಿಟ್ಟಳು. ಮಗಳು ಬಂದವಳು ಅದರ ವಿಷಯ ಎತ್ತಲೇ ಇಲ್ಲ. ಅಂಥ ದಿನದಲ್ಲೂ ತನಗೆ ಅಷ್ಟು ಬುದ್ಧಿ ಓಡಿತಲ್ಲ ಎಂದು ಪಾದರಸಮ್ಮ ಎಷ್ಟೋ ಸಲ ಸಮಾಧಾನ ಪಟ್ಟುಕೊಂಡಿದ್ದಾಳೆ.

ಈ ಸಲ ಬಸುರಿ ಎಂದು ತಿಳಿಸಿದ ದಿನವೇ ಮಗಳು ಫೋನಿನಲ್ಲಿ, "ಅಮ್ಮ, ನೀನು ಮಾತ್ರ ಏನೂ ಹೆಣೀಬೇಡ. ಹೊದಿಕೆ ಗಿದಿಕೆ ಏನೂ ಬೇಡ. ಮಾತು ಕೊಡು" ಅಂದಿದ್ದಳು. ದನಿ ಗಟ್ಟಿಯಾಗಿತ್ತು. ಪಾಪ, ಹೆದರಿದ್ದಾಳೆ ಎಂದುಕೊಂಡು ತಾಯಿ ಮಾತು ಕೊಟ್ಟಳು. ಕೊಟ್ಟ ವಾರದೊಳಗೆ ಕಡ್ಡಿ ಕೈಗೆತ್ತಿಕೊಂಡಳು.

ಎಂಟನೇ ತಿಂಗಳಿಗೆ ಬಿದ್ದ ಕೂಡಲೇ ಡಾಕ್ಟರು ಮೆಟ್ಟಿಲು ಹತ್ತಬಾರದು ಎಂದರು. ಅಳಿಯನ ಕಸುಬು ಲಿಫ್ಟ್ ರಿಪೇರಿ, ಮನೆ ಮೂರನೇ ಮಹಡಿಯಲ್ಲಿ, ಆ ಕಟ್ಟಡಕ್ಕೆ ಲಿಫ್ಟೇ ಇಲ್ಲ. ಊರಿನವರನ್ನೆಲ್ಲ ಮೇಲೆ ಕೆಳಗೆ ಓಡಾಡಿಸುವವನು ಹೆಂಡತಿಯನ್ನು ಅತ್ತೆಯ ಮನೆಗೆ ತಂದು ಬಿಡಬೇಕಾಯಿತು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುತ್ತಿದ್ದ ಮಗಳು ಈಗ ಒಳಕೋಣೆಯ ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿ ಗೋಡೆ ನೋಡತೊಡಗಿದಳು.

ಅವಳಿದ್ದಾಗ ಮನೆಯೊಳಗೆ ಹೆಣೆಯುವ ಹಾಗಿಲ್ಲ. ಪಾದರಸಮ್ಮ ಅಂಗಡಿಯಲ್ಲಿ ತೂಗುಹಾಕಿದ ಕೋಟುಗಳ ಹಿಂದೆ ಸ್ಟೂಲು ಹಾಕಿಕೊಂಡು, ಹಬೆಯ ಬಿಸಿಗೆ ಮುಖ ಕೆಂಪಾಗಿ, ಆರನೆಯ ಪಟ್ಟಿ ಹಿಡಿದಳು. ಎರಡು ಕಂಬ ಬಿಡುವುದು, ಮುಂದಿನೆರಡನ್ನು ಮೊದಲು ಹೆಣೆಯುವುದು, ಬಿಟ್ಟ ಎರಡನ್ನು ಅವುಗಳ ಮೇಲಿಂದ ಹಾಯಿಸಿ ಹೆಣೆಯುವುದು. ಉದ್ದ ಹೊಲಿಗೆಗೆ ಅವಳು ಕಂಬ ಎನ್ನುತ್ತಾಳೆ. ಹೀಗೆ ಒಂದರ ಮೇಲೊಂದು ಹಾಯುತ್ತಾ ಹೋದರೆ ಜಡೆಯಾಗುತ್ತದೆ. ನಡುವೆ ಗಿರಾಕಿ ಬಂದರೆ ಕೋಟುಗಳ ಸಂದಿಯಿಂದ ತಲೆ ಹೊರಹಾಕಿ, "ನಾಳೆ ಬನ್ನಿ" ಎನ್ನುತ್ತಿದ್ದಳು. ಬಟ್ಟೆ ರೆಡಿ ಇದ್ದವರಿಗೂ ಅದೇ ಉತ್ತರ.

ಮನಸ್ಸಿನ ಬಿಗಿ ಕೈಗಿಳಿದಿತ್ತು. ಮಗಳು ಚೆನ್ನಾಗಿದ್ದೇನೆ ಎಂದ ವಾರ ಹೆಣೆದ ಪಟ್ಟಿ ಅಂಗೈಯಷ್ಟೇ ಅಗಲ. ಕಾಲು ಊದಿದೆ ಎಂದ ವಾರದ್ದು ಒಂದು ಬೆರಳು ಕಡಿಮೆ. ಆರನೆಯದಂತೂ ಹಲಗೆಯ ಹಾಗೆ ಸೆಟೆದುಕೊಂಡು ಕೂತಿತು. ಬಿಚ್ಚಬೇಕು, ಬಿಚ್ಚಬೇಕು ಎಂದುಕೊಳ್ಳುತ್ತಲೇ ಅವಳು ಮುಂದೆ ಹೆಣೆದಳು. ಅದರ ಮೇಲೆ ದಾರದ ಉಂಡೆ ಬೇರೆ ಒಂದು ಕಾಣೆಯಾಯಿತು.

"ರೀ, ಬಟ್ಟೆ ಗಂಟು ಕಟ್ಟೋಕೆ ನನ್ನ ಉಲ್ಲನ್ ತಗೊಂಡ್ರಾ?"

"ನಾನ್ಯಾಕೆ ತಗೊಳ್ಳಲಿ? ನೀನೇ ಎಲ್ಲೋ ಅಡಗಿಸಿ ಮರ್ತಿರ್ತೀಯ. ಈ ಮನೇಲಿ ಈಗ ಕೋಟು ಹಾಕ್ಕೊಂಡ್ರೆ ತೋಳಲ್ಲಿ ಏನು ಸಿಗುತ್ತೋ ಅಂತ ನಂಗೇ ಭಯ."

ಅಂದು ತಪಾಸಣೆಯ ದಿನ. ಅಳಿಯ ಬೆಳಗ್ಗೆಯೇ ಬಂದು ಮಗಳನ್ನು ಕರೆದುಕೊಂಡು ಹೋದ. ಊಟದ ಹೊತ್ತಿಗೆ ಬರುತ್ತೇವೆ ಎಂದಿದ್ದರು. ಊಟದ ಹೊತ್ತು ಬಂತು, ಹೋಯಿತು, ಅವರು ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಪಾದರಸಮ್ಮ ಬಾಗಿಲಿಗೆ ಹೋದಳು, ಒಳಗೆ ಬಂದಳು. ತೊಳೆದ ತಟ್ಟೆಗಳನ್ನು ಮತ್ತೆ ತೊಳೆದಳು. ಬೀದಿಯಲ್ಲಿ ನಿಂತ ಪ್ರತಿ ಕಾರಿನ ಸದ್ದಿಗೂ ಕಿಟಕಿಗೆ ಓಡಿದಳು. ಕೊನೆಗೆ, ಹೇಗೂ ಅವಳಿಲ್ಲವಲ್ಲ, ಎಷ್ಟಾಗಿದೆ ನೋಡೋಣ ಎಂದು ಡಬ್ಬದ ಹಿಂದಿನಿಂದ, ಕೋಟಿನಿಂದ, ಮಿಷನ್ನಿನಿಂದ, ಕಪಾಟಿನಿಂದ ಪಟ್ಟಿಗಳನ್ನೆಲ್ಲ ಗುಡ್ಡೆ ಹಾಕಿ ತಂದು ಇಸ್ತ್ರಿ ಮೇಜಿನ ಮೇಲೆ ಸಾಲಾಗಿ ಹಾಸಿದಳು.

ಆರು ಇರಬೇಕಿತ್ತು. ಏಳು ಇದ್ದವು.

ಮತ್ತೆ ಎಣಿಸಿದಳು. ಮರೆತ ಬಟ್ಟೆಗಳ ಕಪಾಟಿನ ಕವರಿನಲ್ಲೇ ಒಂದು ಹೆಚ್ಚಿಗೆ ಇತ್ತು. ಅದನ್ನು ಮುಂದೆಳೆದು ನೋಡಿದರೆ ಜಡೆಯೇ ಉಲ್ಟಾ. ಮಿಕ್ಕ ಆರರಲ್ಲೂ ಜಡೆ ಬಲಕ್ಕೆ ವಾಲಿ ಏರಿದರೆ, ಇದರಲ್ಲಿ ಎಡಕ್ಕೆ ವಾಲಿತ್ತು. ಅವಳಿಗೆ ತನ್ನ ಮೇಲೇ ರೇಗಿತು.

"ನೋಡ್ರೀ, ಬುದ್ಧಿ ಯಾರ ಹತ್ರ ಅಡ ಇಟ್ಟು ಹೆಣ್ದಿದ್ದೀನೋ! ಹೆಣ್ದಿದ್ದೇ ನೆನಪಿಲ್ಲ!"

"ಬಿಡೇ, ಅವರು ಬರ್ಲಿ ಮೊದ್ಲು" ಎಂದು ಗಂಡ ಹೇಳುವಷ್ಟರಲ್ಲಿ ಅವಳು ಕತ್ತರಿ ತುದಿಯಿಂದ ಕೊನೆಯ ಗಂಟು ಕಿತ್ತು ದಾರ ಎಳೆದಾಗಿತ್ತು. ಕ್ರೋಶಾ ಹೆಣೆಯಲು ವಾರ, ಬಿಚ್ಚಲು ಒಂದು ನಿಟ್ಟುಸಿರು. ಸಾಲು ಸಾಲಾಗಿ ಸರ್ರನೆ ಬಿಚ್ಚಿಕೊಂಡು ಸುರುಳಿ ದಾರ ಅವಳ ಕಾಲ ಬಳಿ ಗುಡ್ಡೆ ಬಿತ್ತು. ಎಳೆಯುತ್ತಾ ಎಳೆಯುತ್ತಾ ಅವಳ ಬೆರಳಿಗೆ ಏನೋ ಬೇರೆ ಅನ್ನಿಸಿತು. ಕುಣಿಕೆಗಳು ಮೆತ್ತಗಿದ್ದವು, ಒಂದೇ ಸಮ ಇದ್ದವು. ಈಚೆಗೆ ಅವಳ ಕೈಯಿಂದ ಇಷ್ಟು ಸಡಿಲ ಹೊಲಿಗೆ ಒಂದಾದರೂ ಬಿದ್ದಿದೆಯೇ? ಮತ್ತೆ, ಮೈಮರೆತು ತಪ್ಪಿದ ಜಡೆ ಒಂದು ಕಡೆ ತಪ್ಪುತ್ತದೆ, ಎರಡು ಕಡೆ ತಪ್ಪುತ್ತದೆ. ಇದು ಬುಡದಿಂದಲೂ ಎಡಕ್ಕೇ ವಾಲಿತ್ತು.

ಅವಳ ಕೈ ನಿಂತಿತು.

ಇದೇ ಹೆಣಿಗೆಯನ್ನು ಎಡಗೈಯಲ್ಲಿ ಹೆಣೆದರೆ ಮಾತ್ರ ಜಡೆ ಹೀಗೆ ತಿರುಗುತ್ತದೆ. ಮಗಳು ಎಡಚಿ. ಚಿಕ್ಕವಳಿದ್ದಾಗ ಪಕ್ಕದಲ್ಲಿ ಕೂರಿಸಿಕೊಂಡರೆ ಏನು ಮಾಡಿದರೂ ಕಲಿಯಲಿಲ್ಲ, ಎದುರಿಗೆ ಕೂರಿಸಿದ ದಿನ ಕನ್ನಡಿ ನೋಡಿದ ಹಾಗೆ ನೋಡಿ ಒಂದೇ ಸಂಜೆಯಲ್ಲಿ ಕಲಿತುಬಿಟ್ಟಿದ್ದಳು.

"ಅಯ್ಯೋ! ಇದು ಅವಳದು ಕಣ್ರೀ. ಅವಳು ಹೆಣ್ದಿದ್ದು. ನಾನು ಬಿಚ್ಚಿಬಿಟ್ಟೆ."

ಪಟ್ಟಿ ಮುಕ್ಕಾಲು ಪಾಲು ಹೋಗಿತ್ತು. ಅವಳು ನೆಲದ ಮೇಲೆ ಕುಸಿದು ಕೂತು ಕಡ್ಡಿ ಹುಡುಕಿ ಹೆಣೆಯತೊಡಗಿದಳು. ಬಲಗೈಯಲ್ಲಿ ಹೆಣೆದರೆ ಜಡೆ ಬಲಕ್ಕೇ ವಾಲಿತು. ಎಡಗೈಗೆ ಕೊಟ್ಟರೆ ಕಡ್ಡಿ ಹಿಡಿಯಲೇ ಬರಲಿಲ್ಲ. ಬಾಗಿಲಲ್ಲಿ ಕಾರು ನಿಂತದ್ದು, ಇಬ್ಬರು ಒಳಗೆ ಬಂದದ್ದು ಅವಳಿಗೆ ಕೇಳಿಸಲೇ ಇಲ್ಲ.

"ಅಮ್ಮ."

ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಹಿಂದೆ ಅಳಿಯ.

"ಏನಂದ್ರು? ಯಾಕಿಷ್ಟು ಹೊತ್ತು? ಮಗು?"

"ಎದೆಬಡಿತ ಇದೆ. ನಾನೇ ಕೇಳಿಸ್ಕೊಂಡೆ. ಇವತ್ತಿಗಿದೆ." ಮಗಳು ಕುರ್ಚಿ ಎಳೆದು ಮೆಲ್ಲಗೆ ಕೂತಳು. "ಒಳಗೆ ನೀರು ಕಮ್ಮಿ ಆಗಿದೆಯಂತೆ. ಇನ್ನು ಕಾಯೋದು ಬೇಡ ಅಂದ್ರು. ನಾಳೆ ಬೆಳಗ್ಗೆ ಅಡ್ಮಿಟ್ ಆಗ್ಬೇಕು, ನಾಳೆಯೇ ತೆಗೀತಾರಂತೆ."

ಆಗ ಅವಳ ಕಣ್ಣು ಮೇಜಿನ ಮೇಲಿನ ಸಾಲಿನತ್ತ ಹೋಯಿತು. ಪಾದರಸಮ್ಮ ಎದ್ದು ಅಡ್ಡ ನಿಂತಳು, ಅಷ್ಟಗಲದ ಮೇಜನ್ನು ಮುಚ್ಚುವವಳ ಹಾಗೆ.

"ಇವು ಹೊದಿಕೆ ಅಲ್ಲ ಮರಿ. ಬರೀ ಪಟ್ಟಿಗಳು."

"ಗೊತ್ತಮ್ಮ. ಬಿಸಿನೀರಿನ ಚೀಲ ಹುಡುಕ್ತಾ ಇದ್ದಾಗ ಕೋಟಿನ ತೋಳಲ್ಲಿ ಸಿಕ್ತು. ಆಮೇಲೆ ಒಂದೊಂದೇ ಎಲ್ಲ ಸಿಕ್ತು. ನೀನು ಅಡಗಿಸೋ ಜಾಗ ನಂಗೆ ಹೊಸದಾ?" ಮಗಳ ತುಟಿಯಲ್ಲಿ ನಗು ಬಂದಂತಾಗಿ ನಿಂತಿತು. "ನಿನ್ನ ಉಂಡೆ ಒಂದು ತಗೊಂಡು ನಾನೂ ಒಂದು ಹೆಣ್ದೆ. ಅವುಗಳ ಜೊತೆ ಇಟ್ರೆ ನಿಂಗೆ ಗೊತ್ತಾಗುತ್ತೆ ಅಂದ್ಕೊಂಡೆ. ಬಾಯಲ್ಲಿ ಹೇಳೋಕಾಗ್ಲಿಲ್ಲ."

ಪಾದರಸಮ್ಮ ಬೆನ್ನ ಹಿಂದೆ ಹಿಡಿದಿದ್ದ ಅರೆಬರೆ ಪಟ್ಟಿಯನ್ನು ಮುಂದೆ ತಂದಳು. ಮಗಳು ಅದನ್ನು ನೋಡಿದಳು, ನೆಲದ ಮೇಲಿನ ಸುರುಳಿ ದಾರವನ್ನು ನೋಡಿದಳು.

"ನಂದೇ ತಪ್ಪು ಹೆಣಿಗೆ ಅಂದ್ಕೊಂಡು..."

"ಬಿಚ್ಚೋದು ಅಂದ್ರೆ ನಿನ್ನ ಕೈ ಎಷ್ಟು ಬೇಗ ಓಡುತ್ತಮ್ಮ."

ಅಳಿಯ, "ಬೇಡ, ಈಗ ಬೇಡ" ಎಂದು ಮೆಲ್ಲಗೆ ಅಂದ. ಮಗಳು ತಲೆಯಾಡಿಸಿದಳು.

"ಇಲ್ಲ, ಇವತ್ತು ಹೇಳ್ಬಿಡ್ತೀನಿ. ನಾಳೆ ಹೇಳೋಕಾಗದೇ ಹೋಗ್ಬಹುದು." ಅವಳು ತಾಯಿಯ ಕಡೆ ತಿರುಗಿದಳು. "ಅವತ್ತು ಆಸ್ಪತ್ರೇಲಿ ಪಾಪೂನ ಒಂದು ಸಲ ನನ್ನ ಕೈಗೆ ಕೊಟ್ರು. ಅವರದೇ ಟವೆಲ್ಲಲ್ಲಿ ಸುತ್ತಿದ್ರು, ಮೂಲೇಲಿ ಆಸ್ಪತ್ರೆ ಮೊಹರಿತ್ತು. ನಮ್ಮಮ್ಮ ಹೆಣ್ದಿದ್ದಿದೆ, ಅದ್ರಲ್ಲಿ ಸುತ್ತಿ ಕಳಿಸೋಣ ಅಂತ ಇವರನ್ನ ಇಲ್ಲಿಗೆ ಓಡಿಸ್ದೆ. ಇವರು ಬಂದಾಗ ನೀನು ಇಲ್ಲಿ ಕೂತು ಉಂಡೆ ಸುತ್ತಾ ಇದ್ದೆಯಂತೆ."

ಪಾದರಸಮ್ಮನಿಗೆ ನೆನಪಾಯಿತು. ಆ ಮಧ್ಯಾಹ್ನ ಅಳಿಯ ಬಂದಿದ್ದ. ಬಾಗಿಲಲ್ಲಿ ನಿಂತು ಸುಮ್ಮನೆ ಅವಳ ಕೈಯನ್ನೇ ನೋಡುತ್ತಿದ್ದ. ಬಟ್ಟೆಗೆ ಬಂದಿದ್ದಾನೆ ಎಂದುಕೊಂಡು ಅವಳೇ ಎದ್ದು ಮಗಳ ನೈಟಿಯೊಂದನ್ನು ಕೊಟ್ಟು ಕಳಿಸಿದ್ದಳು.

"ಟವೆಲ್ಲಲ್ಲೇ ಹೋಯ್ತು ಪಾಪು" ಎಂದಳು ಮಗಳು.

"ಯಾಕೆ ಹೇಳ್ಲಿಲ್ಲ? ಎರಡು ವರ್ಷ ಯಾಕೆ ಒಬ್ರೂ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬದುಕ್ತಿದ್ಯಾ?"

ಗಂಡ ಇಸ್ತ್ರಿಯ ಸ್ವಿಚ್ಚು ಆರಿಸಿದ. ಹೊರಗೆ ಯಾರೋ ಗಿರಾಕಿ ಗಂಟೆ ಬಾರಿಸಿದಾಗ, ಅವನೇ ಹೋಗಿ ಇವತ್ತು ಅಂಗಡಿ ಇಲ್ಲ ಎಂದು ಹೇಳಿ ಷಟರ್ ಎಳೆದು ಬಂದ. ಪಾದರಸಮ್ಮನ ಕೈ ಅವಳ ಸೆರಗನ್ನು ಹಿಂಡುತ್ತಲೇ ಇತ್ತು. ಅಳಬೇಕು ಅನ್ನಿಸಿತು, ಅಳುವ ಹಕ್ಕು ತನಗಿಲ್ಲ ಅನ್ನಿಸಿತು.

"ಹಾಗಾದ್ರೆ ಹೆಣೀಬೇಡ ಅಂದಿದ್ದು..."

"ಕೋಪಕ್ಕೆ ಅಂದೆ. ಆಮೇಲೆ ಕೋಪ ಹೋಯ್ತು, ಭಯ ಉಳೀತು. ನೀನು ಮಾಡಿಟ್ಟು, ಮತ್ತೆ ನಂಗೋಸ್ಕರ ಅಂತ ಬಿಚ್ಚಿಬಿಟ್ರೆ?" ಮಗಳು ಮೇಜಿನ ಅಂಚು ಹಿಡಿದು ಎದ್ದು ಬಂದು ಪಟ್ಟಿಗಳ ಮೇಲೆ ಕೈಯಾಡಿಸಿದಳು. "ಸಂಜೆಯೊಳಗೆ ಜೋಡಿಸ್ಬೇಕಮ್ಮ. ಬ್ಯಾಗಲ್ಲಿ ಇಟ್ಕೊಂಡೇ ಹೋಗ್ತೀನಿ. ಈ ಸಲ ಅಳೋ ಮಗು ಬಂದ್ರೂ ಸರಿ, ಅಳದೇ ಇರೋ ಮಗು ಬಂದ್ರೂ ಸರಿ, ನಮ್ದೇ ಹೊದಿಸ್ಬೇಕು."

ಅವಳು ತನ್ನ ಅರ್ಧ ಪಟ್ಟಿಯನ್ನು ತಾಯಿಯ ಕೈಯಿಂದ ತೆಗೆದುಕೊಂಡು, ತಾಯಿ ಬಲಗೈಯಲ್ಲಿ ಹಾಕಿದ್ದ ಸಾಲುಗಳನ್ನು ಹಾಗೇ ಬಿಟ್ಟು, ಅಲ್ಲಿಂದ ಮೇಲಕ್ಕೆ ಎಡಗೈಯಲ್ಲಿ ಹೆಣೆಯತೊಡಗಿದಳು. ಅಳಿಯ ನೆಲದ ಮೇಲೆ ಕೂತು ಸಿಕ್ಕಾದ ದಾರ ಬಿಡಿಸಿ ಕೊಡುತ್ತಾ ಹೋದ. ಪಾದರಸಮ್ಮ ದಪ್ಪ ಸೂಜಿಗೆ ದಾರ ಪೋಣಿಸಿ ಮೊದಲ ಎರಡು ಪಟ್ಟಿಗಳನ್ನು ಪಕ್ಕ ಪಕ್ಕ ಇಟ್ಟಳು. ಅಗಲ ಸರಿಹೊಂದಲಿಲ್ಲ. ಒಂದು ಮೆತ್ತಗೆ, ಒಂದು ಬಿಗಿ. ಉದ್ದವೂ ಎರಡು ಬೆರಳು ಹೆಚ್ಚು ಕಡಿಮೆ. ಆರನೆಯದಂತೂ ಅವುಗಳ ಜೊತೆ ಹೇಗೆ ಕೂತೀತೋ ದೇವರೇ ಬಲ್ಲ. ಎರಡು ಗಂಟೆ ಸಿಕ್ಕರೆ ಅದನ್ನು ಬಿಚ್ಚಿ ಸಡಿಲವಾಗಿ ಹೆಣೆಯಬಹುದಿತ್ತು. ಅವಳಿಗೇ ಗೊತ್ತಿಲ್ಲದೆ ಕೈ ಕತ್ತರಿಯ ಕಡೆ ಹೋಯಿತು.

ಮಗಳು ಹೆಣೆಯುವುದನ್ನು ನಿಲ್ಲಿಸಿ ಆ ಕೈಯನ್ನು ನೋಡಿದಳು.

ಪಾದರಸಮ್ಮ ಕತ್ತರಿ ಎತ್ತಿ ಗಂಡನ ಕೈಗೆ ಕೊಟ್ಟಳು. "ರೀ, ಇದನ್ನ ನಂಗೆ ಸಿಗದ ಹಾಗೆ ಎಲ್ಲಾದ್ರೂ ಇಡಿ" ಎಂದಳು. ಆಮೇಲೆ ಆ ಸೆಟೆದ ಪಟ್ಟಿಯನ್ನು ಎಳೆದೆಳೆದು ಪಕ್ಕದ್ದಕ್ಕೆ ಆನಿಸಿ ಹಿಡಿದು, ಮೊದಲ ಹೊಲಿಗೆ ಹಾಕಿದಳು.