ಗಿಳಿಯ ಮೇಲಿನ ಕಪ್ಪು

"ಏ ಮುದುಕಾ, ಕೈ ತಗೀ! ನಿಮ್ಮಪ್ಪನ ಗ್ಯಾರೇಜ್ ಅಂತ ತಿಳಕೊಂಡಿ ಏನ್ ಇದನ್ನ?"

ಫಯಾಜನ ಕೂಗಿಗೆ ಗ್ಯಾಲರಿಯಲ್ಲಿದ್ದ ಮೂವತ್ತು ನಲವತ್ತು ಮಂದಿ ಒಮ್ಮೆಲೇ ತಿರುಗಿ ನೋಡಿದರು. ಗೋಡೆಗೆ ತೂಗುಹಾಕಿದ್ದ ಟಿಪ್ಪರಿನ ಹಿಂಬಾಗಿಲ ತಗಡಿನ ಮುಂದೆ ಬಿಳಿ ಜುಬ್ಬಾದ ಮುದುಕರೊಬ್ಬರು ಬಗ್ಗಿ ನಿಂತು, ಅದರ ಕೆಳಗಿನ ಬಲಮೂಲೆಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. ಕೂಗು ಕೇಳಿದ್ದೇ ಕೈ ಹಿಂದಕ್ಕೆಳೆದುಕೊಂಡರು.

"ತಪ್ಪಾತ್ರಿ," ಅಂದರು, ತಿರುಗದೆಯೇ.

ಫಯಾಜ ಅವರ ಮುಖ ನೋಡಿರಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಜ್ಯಾಕಿನಡಿ ಸಿಕ್ಕು ಅರ್ಧ ಉಗುರು ಕಳೆದುಕೊಂಡ ಆ ಹೆಬ್ಬೆರಳನ್ನು ಅವನು ಹನ್ನೊಂದನೇ ವಯಸ್ಸಿನಿಂದ ಬಲ್ಲ. ಬಣ್ಣ ಒಣಗಿದೆಯೋ ಇಲ್ಲವೋ, ತಗಡನ್ನು ನುಣ್ಣಗೆ ತಿಕ್ಕಿದ್ದಾರೋ ಇಲ್ಲವೋ ಎಂದು ರಸೂಲಸಾಬರು ಪರೀಕ್ಷೆ ಮಾಡುತ್ತಿದ್ದುದೇ ಆ ಬೆರಳಿನಿಂದ. ಅದು ಮೂಲೆಗೆ ಹೋಗಿದ್ದನ್ನು ಕಂಡ ಕೂಡಲೇ ಅವನ ಬಾಯಿ ಹರಿದಿತ್ತು. ಪಣಜಿಯಲ್ಲಿ ಗುರುತಿಲ್ಲದವರನ್ನು ಗದರಿಸುವಾಗ ಅವನ ಬಾಯಿಗೆ ಬರುವುದು ಹಿಂದಿ. ಇವತ್ತು ಬಂದಿದ್ದು ಕನ್ನಡ. ಯಾರೆಂದು ತಿಳಿದೇ ಬೈದದ್ದು ಮುದುಕರಿಗೂ ಗೊತ್ತಾಗಿರಬೇಕು.

ಐದನೇ ಇಯತ್ತೆಯಲ್ಲಿ ಮಾಸ್ತರು ಕಪಾಳಕ್ಕೆ ಹೊಡೆದರೆಂದು ಪಾಟಿಚೀಲ ಎಸೆದು ಬಂದವನನ್ನು ಗೋವಾದ ಗಣಿ ಸೀಮೆಯ ಸಾವರ್ಡೆಯಲ್ಲಿದ್ದ ತಮ್ಮ ಶೆಡ್ಡಿನಲ್ಲಿ ಕೂರಿಸಿಕೊಂಡವರು ಈ ಉಸ್ತಾದರು. ಅದಿರು ಹೊರುವ ಟಿಪ್ಪರುಗಳ ಹಿಂಬಾಗಿಲ ಮೇಲೆ ಅವರು ನವಿಲು ಬರೆಯುತ್ತಿದ್ದರು, ಕಮಲ ಬರೆಯುತ್ತಿದ್ದರು, ಕರುವಿನ ಮೈ ನೆಕ್ಕುವ ಆಕಳು ಬರೆಯುತ್ತಿದ್ದರು. ಕೆಳಗಿನ ಬಲಮೂಲೆಯಲ್ಲಿ ಹೆಸರಿನ ಬದಲು ಬೆರಳುದ್ದದ ಒಂದು ಗಿಳಿ, ಚುಂಚಿನಲ್ಲಿ ಮೆಣಸಿನಕಾಯಿ. ಉಸಗಾಂವದಿಂದ ಸಾಂಗೆಯವರೆಗೆ ಯಾವ ಡ್ರೈವರನಿಗೆ ಆ ಗಿಳಿ ತೋರಿಸಿದರೂ ರಸೂಲಸಾಬನದು ಅನ್ನುತ್ತಿದ್ದ. ಫಯಾಜ ಎರಡು ವರ್ಷ ಬರೇ ಬ್ರಶ್ ತೊಳೆದ. ಆಮೇಲೆ ನಂಬರ್ ಪ್ಲೇಟು ಬರೆಯುತ್ತ ಬರೆಯುತ್ತ ಶಾಲೆಯಲ್ಲಿ ತಲೆಗೆ ಹತ್ತದ ಇಂಗ್ಲಿಷ್ ಅಕ್ಷರಗಳನ್ನು ಕಲಿತ.

ಗಣಿ ನಿಂತಿತು. ಟಿಪ್ಪರುಗಳು ನಿಂತಲ್ಲೇ ತುಕ್ಕು ಹಿಡಿದವು. ಉಸ್ತಾದರ ಕೈ ನಡುಗತೊಡಗಿ ಶೆಡ್ಡಿಗೆ ಬೀಗ ಬಿತ್ತು. ಫಯಾಜ ಪಣಜಿಗೆ ಬಂದು ಮೂರು ವರ್ಷ ಬೇರೆಯವರ ಚಿತ್ರಕ್ಕೆ ಗೋಡೆ ಕೆರೆದ, ಪ್ರೈಮರ್ ಬಳಿದ. ಮುಂಬೈಯಿಂದ ದಿಲ್ಲಿಯಿಂದ ಇಳಿದವರು ಮೂರು ಮಾಳಿಗೆ ಎತ್ತರದ ಗೋಡೆಗೆ ಬಣ್ಣ ಉಗ್ಗಿ, ಕೊನೆಗೆ ಫೋಟೋ ತೆಗೆಸಿಕೊಳ್ಳುವಾಗ "ಭೈಯಾ, ಜರಾ ಬಾಜೂ" ಎಂದು ಅವನನ್ನು ಸರಿಸುತ್ತಿದ್ದರು. ಸರಿಯುತ್ತಿದ್ದ. ಸರಿದಾಗಲೆಲ್ಲ, ನಿಮ್ಮಜ್ಜಿಗೆ ಬರುತ್ತೇನ್ರೋ ನಾನು ಎಳೆಯುವಂಥ ಒಂದು ಗೆರೆ, ಎಂದು ಬಕೆಟ್ಟಿಗೆ ಬೈಯುತ್ತಿದ್ದ.

ಉಸಗಾಂವದ ಗುಜರಿಯಲ್ಲಿ ಉಸ್ತಾದರು ಬರೆದ ಹನ್ನೊಂದು ಹಿಂಬಾಗಿಲುಗಳು ಸಿಕ್ಕವು. ಅವುಗಳ ಮೇಲೆ ಅವನು ಸ್ಪ್ರೇ ಡಬ್ಬಿಯಿಂದ ಉಬ್ಬುಬ್ಬಿದ ದಪ್ಪ ಅಕ್ಷರ ಹೊಡೆದ. ಗ್ಯಾಲರಿಯ ಮೇಡಂ ನೋಡಲು ಬಂದವರು ಅವನ ಅಕ್ಷರಗಳನ್ನು ಒಮ್ಮೆ ನೋಡಿ ಮುಂದೆ ಹೋದರು. ಅಕ್ಷರಗಳ ಹಿಂದಿನಿಂದ ಇಣುಕುತ್ತಿದ್ದ ನವಿಲಿನ ಕತ್ತಿನ ಮುಂದೆ ನಿಂತುಬಿಟ್ಟರು.

"ಇದೂ ನಿನ್ನದೇ?"

ಫಯಾಜ ತಲೆ ಆಡಿಸಿದ. ಒಂದೇ ಸಲ. ಬಾಯಿಬಿಟ್ಟು ಸುಳ್ಳೇನೂ ಹೇಳಿಲ್ಲವಲ್ಲ ಎಂದು ಆವತ್ತಿನಿಂದ ತನಗೆ ತಾನೇ ವಕೀಲನಾಗಿ ವಾದಿಸುತ್ತ ಬಂದಿದ್ದ. ಹತ್ತು ಗಿಳಿಗಳ ಮೇಲೆ ಒಂದೇ ದಿನ ಕಪ್ಪು ಆಯಿಲ್ ಪೇಂಟು ಎಳೆದು, ಅದರ ಮೇಲೆ ಹಳದಿಯಲ್ಲಿ ತನ್ನ ಹೆಸರು ಬರೆದ. ಆಕಳ ತಗಡು ಮಾತ್ರ ಉಳಿದಿತ್ತು. ಆ ಆಕಳನ್ನು ಬರೆಯುವಾಗ ಉಸ್ತಾದರು ಅವನ ಕೈ ಹಿಡಿದು ಕರುವಿನ ಕಿವಿ ತಿದ್ದಿಸಿದ್ದರು. ನಾಳೆ ನಾಳೆ ಎಂದು ದೂಡಿ ದೂಡಿ ಮೊನ್ನೆ ಸಂಜೆ, ಬಣ್ಣ ಬೇಗ ಒಣಗದ ಈ ಜುಲೈ ತಂಪಿನಲ್ಲಿ, ಕಣ್ಣು ಬೇರೆ ಕಡೆ ಇಟ್ಟು ಅದರ ಗಿಳಿಯನ್ನೂ ಮುಚ್ಚಿ, ನಿನ್ನೆ ಹೆಸರು ಬರೆದಿದ್ದ. ಇವತ್ತು ಉದ್ಘಾಟನೆ. ಫೆರಿ ಧಕ್ಕೆಯ ಎದುರಿನ ಐದು ಮಾಳಿಗೆಯ ಗೋಡೆಯನ್ನು ಫಯಾಜನಿಗೆ ಕೊಟ್ಟಿದ್ದಾರೆಂದು ಮೇಡಂ ಇನ್ನರ್ಧ ಗಂಟೆಯಲ್ಲಿ ಮೈಕಿನಲ್ಲಿ ಹೇಳುವವರಿದ್ದರು. ಇನ್ನು ಯಾರೂ ಅವನನ್ನು ಬಾಜೂ ಸರಿಸುವಂತಿರಲಿಲ್ಲ.

ಆ ಮೇಡಂ ಈಗ ಗಡಬಡಿಸಿ ಹತ್ತಿರ ಬಂದರು. "ಯಾರಿವರು, ಫಯಾಜ್? ನಿನಗೆ ಗೊತ್ತಿದ್ದವರಾ?" ಎಂದು ಹಿಂದಿಯಲ್ಲಿ ಕೇಳಿದರು.

ಆಗಲೂ ಹೊತ್ತು ಮೀರಿರಲಿಲ್ಲ. ಒಂದು ಮಾತು ಸಾಕಿತ್ತು.

"ಸಾವರ್ಡೆಯ ಶೆಡ್ಡಿನಲ್ಲಿದ್ದರು," ಅಂದ ಫಯಾಜ. "ಬ್ರಶ್ ತೊಳೆಯುತ್ತಿದ್ದರು."

ಉಸ್ತಾದರು ಈಗ ತಿರುಗಿದರು. ನಲವತ್ತು ವರ್ಷ ಡ್ರೈವರುಗಳ ನಡುವೆ ಕಳೆದವರಿಗೆ ಹಿಂದಿ ಅರ್ಥವಾಗದೇ ಇರುತ್ತದೆಯೇ. ಫಯಾಜನತ್ತ ನೋಡಲಿಲ್ಲ. ಮೇಡಂ ಮುಂದೆ ತಲೆ ಬಾಗಿಸಿ, ಬಾಗಲಕೋಟೆಯ ರಾಗ ಬಿಡದ ಹಿಂದಿಯಲ್ಲಿ ಹೇಳಿದರು: "ಹೌದು ಬಾಯಾರ. ಬ್ರಶ್ ತೊಳೀತಿದ್ದೆ."

ಮಂದಿಯ ಮುಖ ಸಡಿಲಾಯಿತು. ಗಡ್ಡದವನೊಬ್ಬ ವೈನಿನ ಲೋಟ ಹಿಡಿದೇ ಮುಂದೆ ಬಂದ. "ಅಂದರೆ ಚಿಕ್ಕವನಿದ್ದಾಗಿನಿಂದ ನೋಡಿದ್ದೀರಿ! ಹೇಗಿದ್ದ ನಮ್ಮ ಕಲಾವಿದ?"

"ಕೈ ಚಲೋ ಐತಿ ಸಾಹೇಬ. ಸಿಟ್ಟು ಜಾಸ್ತಿ. ಭಾಳ ಅವಸರ."

ಎಲ್ಲರೂ ನಕ್ಕರು. ಎಂಥ ಚಂದದ ಮಾತು ಎಂದಳೊಬ್ಬಳು. ಮೇಡಂ ಇಬ್ಬರನ್ನೂ ಉಸ್ತಾದರು ಸವರಿದ್ದ ಆ ಆಕಳ ತಗಡಿನ ಮುಂದೆಯೇ ನಿಲ್ಲಿಸಿದರು. ಗುರುತು ಪರಿಚಯವಿಲ್ಲದವರ ಹತ್ತು ಮೊಬೈಲು ಮೇಲೆದ್ದವು. ಯಾರೂ ಯಾರನ್ನೂ ಬಾಜೂ ಸರಿಸಲಿಲ್ಲ. ಉಸ್ತಾದರು ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನೆಟ್ಟಗೆ ನಿಂತರು. ಮೈಯಿಂದ ಅತ್ತರಿನ ವಾಸನೆ ಬರುತ್ತಿತ್ತು. ಶೆಡ್ಡಿನಲ್ಲಿ ಅವರಿಂದ ಬರುತ್ತಿದ್ದುದು ಟರ್ಪೆಂಟೈನ್ ವಾಸನೆ.

ಫೋಟೋ ಮುಗಿಸಿ ಫಯಾಜ ತಿರುಗಿದಾಗ ಮೂಲೆ ಕಣ್ಣಿಗೆ ಬಿತ್ತು. ಅವನ ಹಳದಿ ಹೆಸರಿನ ಬಾಲ ಅಳಿಸಿಹೋಗಿತ್ತು. ಕಪ್ಪು ಮೇಲ್ಪದರ ಹೆಬ್ಬೆರಳಗಲ ಕಿತ್ತು ಬಂದಿತ್ತು. ಅದರೊಳಗಿಂದ ಹಸಿರಿನ ಒಂದು ಚೂರು, ಗಿಳಿಯ ರೆಕ್ಕೆಯದು.

ಅತ್ತಿತ್ತ ನೋಡಿದ. ಉಸ್ತಾದರು ಇರಲಿಲ್ಲ.

ಹೊರಗಿನ ಮೆಟ್ಟಿಲ ಬಳಿ ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಅಲ್ಲಿ ಯಾರೂ ಚಪ್ಪಲಿ ಕಳಚಿಟ್ಟಿರಲಿಲ್ಲ, ಅವರದೊಂದೇ ಜೋಡು. ಮಳೆ ನಿಂತಿತ್ತು. ಎದುರಿನ ಕಾಂಪೌಂಡಿನ ಮೇಲೆ ಹೋದ ವರ್ಷ ಯಾರೋ ಬರೆದ ಮೀನುಗಾರ್ತಿಯ ಮುಖದಿಂದ ನೀರು ಇಳಿಯುತ್ತಿತ್ತು. ಆ ಗೋಡೆಗೆ ಪ್ರೈಮರ್ ಬಳಿದವನು ಫಯಾಜ.

"ಉಸ್ತಾದ."

"ಬಸ್ಸಿಗೆ ಹೊತ್ತಾಗ್ತೈತಿ."

"ನಿಮಗ ಹ್ಯಾಂಗ್ ಗೊತ್ತಾತ್ರಿ, ಇಲ್ಲಿ..."

"ಮಗಳು ಸಕೀನಾ ಮೊಬೈಲ್‌ನ್ಯಾಗ ತೋರಿಸಿದ್ಳು. ಅಬ್ಬಾ, ನಮ್ಮ ಫಯಾಜಣ್ಣಂದು ಫೋಟೋ ಬಂದೈತಿ, ಹೋಗಿ ನೋಡಿ ಬರ್ರಿ ಅಂದ್ಳು. ಈದಿಗೆ ಹೊಲಿಸಿದ ಜುಬ್ಬಾ ತಗದು ಇಸ್ತ್ರಿ ಮಾಡಿ ಕೊಟ್ಳು." ಎಡಗಾಲಿನ ಪಟ್ಟಿ ಸಿಕ್ಕಿಬಿದ್ದಿತ್ತು. ಎಡಗೈಯೊಂದರಲ್ಲೇ ಅದನ್ನು ಎಳೆದಾಡಿದರು. ಫಯಾಜ ಬಗ್ಗಲು ಹೋದರೆ ಕಾಲು ಹಿಂದಕ್ಕೆ ತೆಗೆದುಕೊಂಡರು.

"ಆಕಿಗೆ ಏನಂತ ಹೇಳ್ತೀರಿ?"

"ಪಾಲಿಶ್ ಪೇಪರ್ ಹಾಕಿ ತಿಕ್ಕಬೇಕಿತ್ತು ನೀ," ಅಂದರು ಉಸ್ತಾದರು. ಶೆಡ್ಡಿನಲ್ಲಿ ಅನ್ನುತ್ತಿದ್ದ ಅದೇ ದನಿ. "ಎಷ್ಟು ಸಲ ಹೇಳೇನಿ ನಿನಗ. ತಿಕ್ಕದ ಮ್ಯಾಲ ಮ್ಯಾಲ ಬಳದ್ರ ತಳಗಿಂದು ಉಬ್ಬಿ ಕೈಗೆ ಹತ್ತತೈತಿ. ಚುಂಚು, ಮೆಣಸಿನಕಾಯಿ, ಎಲ್ಲಾ ಹತ್ತತೈತಿ."

"ಬೈರಿ ನನಗ. ಕಪಾಳಕ್ಕ ಹೊಡೀರಿ ಬೇಕಾದ್ರ. ಸುಮ್ಮ ಇರಬ್ಯಾಡ್ರಿ."

ಒಳಗೆ ಮೈಕು ಕಿರ್ರೆಂದಿತು. ಯಾರೋ ಹಲೋ ಹಲೋ ಅಂದರು.

"ಒಳಗ ಬರ್ರಿ ಉಸ್ತಾದ. ಎಲ್ಲರ ಮುಂದ ಹೇಳ್ತೇನಿ, ಇವೆಲ್ಲಾ ನಿಮ್ಮ ಕೆಲಸ ಅಂತ. ಗ್ವಾಡಿ ಹೋದ್ರ ಹೋಗ್ಲಿ. ಹೇಳ್ಲೇನ್ರಿ? ನೀವು ಹೂಂ ಅನ್ರಿ ಸಾಕು."

ಅಂದ ಮೇಲೆ ಅವನಿಗೆ ತನ್ನ ಮಾತಿಗೆ ತಾನೇ ಹೇಸಿಗೆಯಾಯಿತು. ಹೂಂ ಅನ್ನುವ ಕೆಲಸವನ್ನೂ ಮುದುಕರ ತಲೆಗೇ ಕಟ್ಟಿದ್ದ.

ಉಸ್ತಾದರು ಅವನ ಮುಖವನ್ನು ನೋಡಿದರು, ಬಣ್ಣ ಒಣಗಲು ಇನ್ನೆಷ್ಟು ಹೊತ್ತು ಬೇಕು ಎಂದು ತಗಡನ್ನು ನೋಡುತ್ತಿದ್ದ ಹಾಗೆ. ಆಮೇಲೆ ಮೆಟ್ಟಿಲಿಳಿದು ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಒಳಗಿಂದ ಮೈಕಿನಲ್ಲಿ ಫಯಾಜನ ಹೆಸರು ಕೇಳಿತು. ಇನ್ನೊಮ್ಮೆ ಕೇಳಿತು. ಅವನು ಮೆಟ್ಟಿಲ ಮೇಲೇ ನಿಂತಿದ್ದ. ಒದ್ದೆ ರಸ್ತೆಯ ಅಂಚಿನಲ್ಲಿ ಹೋಗುತ್ತಿದ್ದ ಉಸ್ತಾದರ ಬಲಗೈ ಮೈಯಿಂದ ಒಂದು ಗೇಣು ದೂರ ಚಾಚಿಕೊಂಡಿತ್ತು, ಹೆಬ್ಬೆರಳು ಕರ್ರಗೆ ಹೊರಗೆ ನಿಂತಿತ್ತು. ಸ್ಕೂಟರೊಂದು ಹತ್ತಿರದಿಂದ ಹಾದಾಗ ಅವರು ಗೋಡೆಗೆ ಸರಿದು, ಕಲೆ ತಾಗದ ಹಾಗೆ ಎಡಗೈಯಿಂದ ಜುಬ್ಬಾದ ಅಂಚನ್ನು ಒತ್ತಿ ಹಿಡಿದು, ಮತ್ತೆ ನಡೆದರು.