ಪೀಪಾಯಿಯ ಮುಚ್ಚಳ

ಶಾಲೆಗೆ ಹೊರಡುವ ಮುಂಚೆ ದುನ್ಯಾ ನನ್ನಿಂದ ಮಾತು ತೆಗೆದುಕೊಂಡಿದ್ದಳು.

"ಅಮ್ಮ, ನಾನು ಬರೋವರೆಗೂ ಆ ಮುಚ್ಚಳ ಯಾರೂ ಮುಟ್ಟಬಾರದು. ಇವತ್ತೋ ನಾಳೆಯೋ ಅದು ಮೊಟ್ಟೆ ಇಡುತ್ತೆ."

ಅದು ಎಂದರೆ ಜೇಡ. ಹಿತ್ತಲಲ್ಲಿ ರಾಕಿಯಾ ಸಾರಾಯಿಗೆಂದು ಪ್ಲಮ್ ಹಣ್ಣು ಹುದುಗು ಬರಲು ಇಟ್ಟಿದ್ದ ಪೀಪಾಯಿಗೂ ಗೋಡೆಗೂ ನಡುವೆ ಬಲೆ ನೇಯ್ದಿತ್ತು. ಬೆನ್ನ ಮೇಲೆ ಬಿಳಿ ಚುಕ್ಕೆಗಳ ಶಿಲುಬೆ. ಆಗಸ್ಟ್ ಕೊನೆಗೆ ಬೇಳೆಯಷ್ಟಿದ್ದದ್ದು ಅಕ್ಟೋಬರಿಗೆ ಸಣ್ಣ ದ್ರಾಕ್ಷಿಯಷ್ಟಾಗಿತ್ತು. ನನ್ನ ಹಳೆಯ ಫೋನಿಗೆ ತಾತನ ಭೂತಗನ್ನಡಿ ಅಂಟಿಸಿಕೊಂಡು ಮಗಳು ನಲವತ್ತೊಂದು ದಿನ ಬಿಡದೆ ಅದರ ಫೋಟೊ ತೆಗೆದಿದ್ದಳು. ಆ ಚಿತ್ರಗಳಿಗೆ ಶಾಲೆಯ ಗೋಡೆಯಲ್ಲಿ ಜಾಗ ಸಿಕ್ಕಿತ್ತು. ಮೊಟ್ಟೆ ಇಡುವ ಚಿತ್ರ ಒಂದೇ ಬಾಕಿ.

ಉಳಿದವನ್ನೆಲ್ಲ ನಾನು ಊಟದ ಮೇಜಿನಲ್ಲೇ ನೋಡಬೇಕಾಗಿತ್ತು. ಜೇಡ ಸುತ್ತಿಟ್ಟು ಹೀರಿದ ಕಣಜದ ಹುಳು, ಪೀಪಾಯಿಯ ಕಂದು ನೊರೆಯಲ್ಲಿ ಉಬ್ಬಿ ತೇಲುವ ನೊಣಗಳು, ಅಂಚಿನಲ್ಲಿ ಮಿಸುಕಾಡುವ ಬಿಳಿ ಮರಿಹುಳುಗಳು.

"ತಾತ, ಇದನ್ನೇನಾ ನೀವು ಕುಡಿಯೋದು?"

"ಕುದಿಸಿ ಭಟ್ಟಿ ಇಳಿಸಿದ ಮೇಲೆ ಎಲ್ಲ ಶುದ್ಧ," ಎಂದರು ಮಾವ. "ನಿಮ್ಮಪ್ಪ ಕುಡಿಯೋದೂ ಇದೇ ರಾಕಿಯಾನೇ."

"ಅದಕ್ಕೇ ಅವರು ಹಾಗಿರೋದು," ಎಂದು ನಾನು ತಟ್ಟೆ ಸರಿಸಿ ಎದ್ದಿದ್ದೆ.

ನಮ್ಮೂರಿಗೆಲ್ಲ ಭಟ್ಟಿಯ ಹಂಡೆ ಒಂದೇ. ಗಾಲಿಯ ಮೇಲೆ ಮನೆಯಿಂದ ಮನೆಗೆ ಬರುತ್ತದೆ. ನಮ್ಮ ಸರದಿ ಶನಿವಾರ. ಆದರೆ ಮೇಲಿನ ಮನೆಯಲ್ಲಿ ಸಾವಾಗಿ ಅವರು ಸರದಿ ಬಿಟ್ಟುಕೊಟ್ಟರು. ಗುರುವಾರ ಹತ್ತು ಗಂಟೆಗೇ ಭಟ್ಟಿ ಇಳಿಸುವ ಸ್ರೆಟೆನ್ ಹಂಡೆ ಎಳೆದುಕೊಂಡು ನಮ್ಮ ಹಿತ್ತಲಿಗೆ ಬಂದ. ಬೇಡವೆಂದರೆ ಅದು ಮುಂದಿನ ಮನೆಗೆ ಹೋಗುತ್ತದೆ, ನಮ್ಮ ಹಣ್ಣು ಹುಳಿಯಾಗುತ್ತದೆ.

"ಮಾವ, ಮಧ್ಯಾಹ್ನದವರೆಗೆ ತಡೀರಿ. ದುನ್ಯಾಗೆ ಮಾತು ಕೊಟ್ಟಿದೀನಿ."

"ಒಂದು ಜೇಡಕ್ಕೋಸ್ಕರ ಹಂಡೇನ ನಿಲ್ಲಿಸ್ಕೊಂಡಿರ್ಲಾ? ಊರಲ್ಲಿ ಮುಖ ಎತ್ತಿ ಓಡಾಡೋದು ಬೇಡ್ವಾ?"

"ಅದನ್ನೂ ಹಂಡೆಗೆ ಹಾಕಿಬಿಡೋಣ ಕಣಮ್ಮ ಜೊರಿತ್ಸಾ," ಎಂದ ಸ್ರೆಟೆನ್. "ಶಿಲುಬೆ ಹೊತ್ತಿರೋ ಜೀವ, ರಾಕಿಯಾಗೆ ಪುಣ್ಯ ಬರುತ್ತೆ."

ಬಲೆ ಖಾಲಿಯಿತ್ತು. ಮರದ ಮುಚ್ಚಳದ ಅಂಚು ಸ್ವಲ್ಪ ಎತ್ತಿ ನೋಡಿದೆ. ಅಲ್ಲೇ ಒಳಮೈಗೆ ಜೋತುಬಿದ್ದು ಅದು ಕೆಲಸದಲ್ಲಿತ್ತು. ಒದ್ದೆ ಹಳದಿ ಮೊಟ್ಟೆಗಳ ಮುದ್ದೆ, ಅದರ ಮೇಲೆ ಹೊಟ್ಟೆಯ ತುದಿ ಒತ್ತಿ ಒತ್ತಿ ನೂಲು ಸುತ್ತುತ್ತಿತ್ತು. ಅಂಚನ್ನು ಮೆಲ್ಲಗೆ ಇಳಿಸಿದೆ.

"ಮುಚ್ಚಳ ನಾನೇ ತೆಗೀತೀನಿ. ಯಾರೂ ಕೈ ಹಾಕ್ಬೇಡಿ."

"ತೊಳೆದು ಕೊಡು ಮತ್ತೆ," ಎಂದರು ಮಾವ. "ನಾಳೆ ಎಲೆಕೋಸು ಉಪ್ಪಿಗೆ ಹಾಕೋ ಪೀಪಾಯಿಗೆ ಅದೇ ಬೇಕು."

"ಅದಕ್ಕೆ ನನ್ನ ಹಿಟ್ಟು ನಾದೋ ಹಲಗೆ ತಗೊಳ್ಳಿ."

ಆ ಹಲಗೆ ನನ್ನ ತಾಯಿಯದು. ಮಾವ ಹಂಡೆಯ ಕಡೆ ತಿರುಗಿದರು.

ಮುಚ್ಚಳವನ್ನು ತಲೆಯ ಮಟ್ಟಕ್ಕೆ ಹಿಡಿದು ಕಟ್ಟಿಗೆ ಮನೆಗೆ ನಡೆದೆ. ಕೊಳೆತ ರಸ ಮಣಿಕಟ್ಟಿನಿಂದ ತೋಳಿನೊಳಕ್ಕೆ ಇಳಿಯಿತು. ಹಣ್ಣುನೊಣಗಳು ಮೂಗಿನೊಳಗೆ ನುಗ್ಗಿದವು. ನಡುದಾರಿಯಲ್ಲಿ ಜೇಡದ ಒಂದು ಕಾಲು ನನ್ನ ಹೆಬ್ಬೆರಳನ್ನು ತಡವಿತು, ಆಮೇಲೆ ಇನ್ನೊಂದು. ಕೈಬಿಡಲಿಲ್ಲ.

ಸೌದೆಯ ಮೇಲೆ ಮುಚ್ಚಳವನ್ನು ಓರೆಯಾಗಿ ನಿಲ್ಲಿಸಿದೆ. ಜಾರದಂತೆ ಒಂದು ಕೈಯಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮಗಳು ಮನೆಯಲ್ಲೇ ಬಿಟ್ಟುಹೋಗಿದ್ದ ಆ ಭೂತಗನ್ನಡಿಯ ಫೋನನ್ನು ನಾಲ್ಕು ಬೆರಳಷ್ಟು ಹತ್ತಿರ ತಂದೆ. ಅಷ್ಟು ಹತ್ತಿರದಿಂದ ಅದರ ಕಾಲಿನ ರೋಮಗಳೂ ಕಾಣುತ್ತಿದ್ದವು. ಉಸಿರು ಬಿಗಿಹಿಡಿದು ಹನ್ನೆರಡು ಸಲ ಒತ್ತಿದೆ. ಆಮೇಲೆ ಗೋಡೆಯ ಹಿಂದೆ ಹೋಗಿ ವಾಂತಿ ಮಾಡಿದೆ.

ದುನ್ಯಾ ಬಂದವಳು ಚೀಲವನ್ನೂ ಇಳಿಸದೆ ಒಂದೊಂದಾಗಿ ನೋಡಿದಳು. ಹನ್ನೊಂದು ಬರೀ ಮಸುಕು.

"ಇದರಲ್ಲಿ ನಿನ್ನ ಹೆಬ್ಬೆರಳು ಬಂದುಬಿಟ್ಟಿದೆ."

"ಹಾಗಾದ್ರೆ ಅದೂ ಹೋಯ್ತು ಬಿಡು."

"ಇಲ್ಲಮ್ಮ. ಜೇಡ ಎಷ್ಟು ದೊಡ್ಡದು ಅಂತ ಗೊತ್ತಾಗೋದೇ ಇದರಿಂದ. ನಿಂಗೆ ಹೆದರಿಕೆ ಆಗ್ಲಿಲ್ವಾ?"

"ಹೆದರಿಕೆ ಅಲ್ಲ ಮಗಳೇ, ಹೇಸಿಗೆ."

ಈಗ ಆ ಚಿತ್ರ ಶಾಲೆಯ ಗೋಡೆಯಲ್ಲಿದೆ, ಸುಟ್ಟ ಕೆಂಪು ದೊಣ್ಣೆಮೆಣಸಿನಕಾಯಿ ಸುಲಿದು ಉಗುರಲ್ಲಿ ಕರೆ ಕಟ್ಟಿದ ನನ್ನ ಹೆಬ್ಬೆರಳ ಸಮೇತ. ಮೂರು ದಿನ ವಿನಿಗರಿನಲ್ಲಿ ಕೈ ತೊಳೆದಿದ್ದೇನೆ. ಹಲಗೆಯಿಲ್ಲದೆ ಮೇಜಿನ ಮೇಲೇ ಹಿಟ್ಟು ನಾದುವಾಗ ಆ ಕಾಲು ಇನ್ನೂ ನನ್ನ ಬೆರಳನ್ನು ತಡವುತ್ತದೆ.